ಮೊದಲು ಸಣ್ಣ ಗುಡಿ ಕಟ್ಟು, ತಂಗೀ

ತಂಗೀ,

ಮೊನ್ನೆ ಮಹಾಕೂಟದ ಹೊಂಡದ ಕಟ್ಟೆಯ ಮೇಲೆ ಕೂತಿದ್ದಾಗ ನೀನು ಟ್ಯಾಬ್ ತೆರೆದು ನಿನ್ನ ಚಾಲುಕ್ಯರ ಚಿತ್ರಕಥೆಯ ಯೋಜನೆ ತೋರಿಸಿದೆಯಲ್ಲ, ಎರಡು ದಿನದಿಂದ ಅದೇ ತಲೆಯೊಳಗೆ ಸುತ್ತುತ್ತಿದೆ. ನೀರಿನಲ್ಲಿ ನಿಂತ ಮಂಟಪದ ಮೇಲೇರಿ ಹುಡುಗರು ದಬದಬನೆ ಧುಮುಕುತ್ತಿದ್ದರು. ಆ ಗದ್ದಲದಲ್ಲೇ ನೀನು ಹೇಳುತ್ತ ಹೋದೆ: "ಮುತ್ಯಾ, ಒಟ್ಟು 60 ಸಂಪುಟ. ಮೊದಲನೇ ಹತ್ತು ಸಂಪುಟದಾಗ ಪುಲಕೇಶಿ ಹುಟ್ಟೂದೇ ಇಲ್ಲ." ರಾಜ್ಯದ ನಕಾಶೆ ತೋರಿಸಿದೆ. ವಂಶವೃಕ್ಷ ತೋರಿಸಿದೆ. ನಲವತ್ತಕ್ಕೂ ಮಿಕ್ಕಿದ ಪಾತ್ರಗಳು, ಅವರ ಕುದುರೆಗಳ ಹೆಸರು, ಕತ್ತಿಯ ಹಿಡಿಕೆಯ ಮೇಲಿನ ಕೆತ್ತನೆ. ಕಣ್ಣು ತುಂಬಿ ಬಂತು ನನಗೆ. ಪುಟ ಎಷ್ಟು ಬರೆದೀ ಅಂತ ಕೇಳಿದೆ. "ಇನ್ನೂ ಶುರು ಮಾಡಿಲ್ಲ" ಅಂದಿ.

ಅಲ್ಲೇ ಹೇಳಬೇಕಾದ ಮಾತಿತ್ತು. ಅಷ್ಟರಲ್ಲಿ ರೊಟ್ಟಿ ಬುಟ್ಟಿಯವ್ವ ಬಂದಳು, ಉಂಡೆವು, ಬಸ್ಸಿನ ಹೊತ್ತಾಯಿತು. ಬಾಯಲ್ಲಿ ಉಳಿದದ್ದನ್ನು ಕಾಗದದ ಮೇಲೆ ಇಳಿಸುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಲಿ ಮಕ್ಕಳಿಗೆ ಚಿತ್ರ ಕಲಿಸಿದವನ ಮಾತು ಅಂತ ಓದು. ಮುತ್ಯಾನ ಮಾತು ಅಂತಲೂ ಓದು.

ನೀನೇ ನನಗೆ ಕಲಿಸಿದ್ದರಿಂದ ಸುರು ಮಾಡುತ್ತೇನೆ. ಜಪಾನಿನಲ್ಲಿ ಬಿಡಿಯಾಗಿ ಬರುವ ಸಣ್ಣ ಚಿತ್ರಕಥೆಗೆ 'ಯೊಮಿಕಿರಿ' ಅನ್ನುತ್ತಾರೆ ಅಂತ ಹೇಳಿದೆ. 'ಯೊಮಿ' ಅಂದರೆ ಓದು, 'ಕಿರಿ' ಅಂದರೆ ಕಡಿದು ಮುಗಿಸುವುದು. ಒಮ್ಮೆ ಹಿಡಿದರೆ ಓದಿ ಮುಗಿಸಿಯೇ ಕೆಳಗಿಡುವಂಥದ್ದು. ಆ ಹೆಸರಲ್ಲೇ ಎಷ್ಟು ಅರ್ಥ ಇದೆ ನೋಡು. ದೊಡ್ಡ ಕಥೆಯ ಮೊದಲ ತುಂಡು ಅಂತ ಅವರು ಕರೆಯಲಿಲ್ಲ, ಜಾಹೀರಾತು ಅನ್ನಲಿಲ್ಲ. ಮುಗಿಯುವ ಕಥೆ ಅಂದರು. ಮುಗಿಯುವುದೇ ಅದರ ಗುಣ.

ನೀನು ಪೂಜೆ ಮಾಡುವಷ್ಟು ಪ್ರೀತಿಸುವ 'ವನ್ ಪೀಸ್' ನೂರು ಸಂಪುಟ ದಾಟಿದೆ. ಆದರೆ ಎಯಿಚಿರೊ ಓಡಾ ಅವರು 1997ರಲ್ಲಿ ಅದನ್ನು 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಸುರು ಮಾಡುವ ಮುಂಚೆ, 1996ರಲ್ಲಿ 'ರೊಮ್ಯಾನ್ಸ್ ಡಾನ್' ಎಂಬ ಒಂದೇ ಹೆಸರಿನಲ್ಲಿ ಎರಡು ಬಿಡಿ ಕಥೆ ಬರೆದರು. ಆಗ ಅವರಿಗೆ 21 ವರ್ಷ. ಎರಡರಲ್ಲೂ ಹುಲ್ಲಿನ ಟೋಪಿಯ ಲುಫಿ ಇದ್ದಾನೆ. ಒಂದು ಸಲ ಬರೆದು ಮುಗಿಸಿದರು, ಸಾಲದೆನಿಸಿತು, ಅದೇ ಹುಡುಗನನ್ನು ಕರೆದುಕೊಂಡು ಇನ್ನೊಂದು ಸಲ ಬರೆದು ಮುಗಿಸಿದರು. ಆ ಮೇಲೆ ಧಾರಾವಾಹಿ ಬಂತು. ಅದರ ಮೊದಲ ಅಧ್ಯಾಯಕ್ಕೂ ಅದೇ ಹೆಸರಿಟ್ಟರು. ನನಗೆ ಹಿಡಿಸಿದ್ದು ಇನ್ನೊಂದು. ಆ ಬಿಡಿ ಕಥೆಗಳಲ್ಲಿ ಒಂದರಲ್ಲಿ ಲುಫಿಗೆ ಕಡಲ್ಗಳ್ಳನಾಗುವ ಹುಚ್ಚು ಹಿಡಿಸಿದವನು ಅವನ ಮುತ್ಯಾ. ದೊಡ್ಡ ಕಥೆಗೆ ಬರುವಷ್ಟರಲ್ಲಿ ಆ ಜಾಗಕ್ಕೆ ಶ್ಯಾಂಕ್ಸ್ ಎಂಬ ಕಡಲ್ಗಳ್ಳ ಬಂದ, ಮುತ್ಯಾ ಹಡಗುಪಡೆಯ ಅಧಿಕಾರಿಯಾದ, ಅಂದರೆ ಕಳ್ಳರನ್ನು ಹಿಡಿಯುವವನಾದ! ಸಣ್ಣದನ್ನು ಬರೆದು ಮುಗಿಸಿದ್ದಕ್ಕೇ ಈ ಅದಲುಬದಲು ಅವರಿಗೆ ಹೊಳೆಯಿತು ಅಂತ ನನ್ನ ನಂಬಿಕೆ. ತಲೆಯೊಳಗೇ ಇಟ್ಟುಕೊಂಡಿದ್ದರೆ ಮುತ್ಯಾ ಮುತ್ಯಾನಾಗಿಯೇ ಉಳಿಯುತ್ತಿದ್ದ.

'ನರುಟೊ'ದ ಕಥೆಯೂ ಹೀಗೇ ಅಂದಿದ್ದೆ. 1997ರ ಬಿಡಿ ಕಥೆಯಲ್ಲಿ ಕಿಶಿಮೊತೊ ಅವರ ಹುಡುಗ ತಾನೇ ನರಿಯ ಕುಲದವನು. 1999ರಲ್ಲಿ ಧಾರಾವಾಹಿ ಸುರುವಾದಾಗ ಅವನು ಮನುಷ್ಯರ ಮಗ, ನರಿ ಅವನ ಹೊಟ್ಟೆಯೊಳಗೆ ಬಂದಿ. ಇಷ್ಟೇ ವ್ಯತ್ಯಾಸ. ಆದರೆ ಹದಿನೈದು ವರ್ಷ, 72 ಸಂಪುಟ ನಡೆದ ನೋವೆಲ್ಲ ಆ ವ್ಯತ್ಯಾಸದಿಂದಲೇ ಹುಟ್ಟಿತು. 'ಅಟ್ಯಾಕ್ ಆನ್ ಟೈಟನ್' ಬರೆದ ಇಸಾಯಾಮಾ 2006ರಲ್ಲಿ 65 ಪುಟದ ಕಥೆ ಹಿಡಿದು ಪತ್ರಿಕೆಯ ಬಾಗಿಲಿಗೆ ಹೋದಾಗ ಹೆಚ್ಚೂಕಡಿಮೆ ನಿನ್ನ ವಯಸ್ಸು. ಅವನ ಕೈಯಲ್ಲಿ ಮುಗಿದ 65 ಪುಟ ಇದ್ದವು, ತಂಗೀ. ಯೋಜನೆ ಇರಲಿಲ್ಲ ಅಂತಲ್ಲ. ಮುಗಿದ ಪುಟ ಇದ್ದವು.

ಇದನ್ನೆಲ್ಲ ನನಗೆ ಹೇಳಿದವಳು ನೀನೇ. ಹೇಳಿ, ನಿನಗೆ ಮಾತ್ರ ಅದು ಬೇಡವೆನ್ನುವ ಹಾಗೆ ನೇರ 60 ಸಂಪುಟಕ್ಕೆ ಕೈ ಹಾಕಿದೆ.

ಈಗ ನಮ್ಮ ಊರಿಗೆ ಬರೋಣ. ಮಹಾಕೂಟದಲ್ಲಿ ಹೊಂಡದ ಸುತ್ತ ಎಷ್ಟು ಗುಡಿಗಳಿವೆ, ಚಿಕ್ಕವಳಿದ್ದಾಗ ನೀನು ಎಣಿಸಲು ಹೋಗಿ ಎರಡು ಸಲ ತಪ್ಪಿದ್ದೆ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳ ಶಿಖರ ಮಜಲು ಮಜಲಾಗಿ ಏರುತ್ತದೆ, ದ್ರಾವಿಡ ಪದ್ಧತಿ. ಅದೇ ಅಂಗಳದ ಸಂಗಮೇಶ್ವರ ಗುಡಿಯ ಶಿಖರ ಬುಡದಿಂದ ಬಾಗುತ್ತ ಬಾಗುತ್ತ ಮೇಲೆ ಕೂಡುತ್ತದೆ, ಉತ್ತರದ ನಾಗರ ಪದ್ಧತಿ. ಒಂದೇ ನೀರಿನಲ್ಲಿ ಎರಡರ ನೆರಳೂ ಬೀಳುತ್ತದೆ. ನನ್ನ ವಿದ್ಯಾರ್ಥಿಗಳನ್ನು ಪ್ರತಿ ವರ್ಷ ಅಲ್ಲಿಗೆ ಕರೆದುಕೊಂಡು ಹೋಗಿ ಸಂಗಮೇಶ್ವರದ ಮುಂದೆ ಕೂರಿಸುತ್ತಿದ್ದೆ. ಸಣ್ಣದು. ಹತ್ತು ಹುಡುಗರು ಒಳಗೆ ನುಗ್ಗಿದರೆ ಉಸಿರು ಕಟ್ಟುತ್ತದೆ. ಆದರೆ ಏನು ಕಡಿಮೆ ಇದೆ ಹೇಳ್ರಿ ಅಂತ ಕೇಳುತ್ತಿದ್ದೆ. ಗರ್ಭಗುಡಿ ಇದೆ, ಲಿಂಗ ಇದೆ, ಮುಂದೆ ಪುಟ್ಟ ಮಂಟಪ, ಗೋಡೆಯ ಗೂಡುಗಳಲ್ಲಿ ದೇವರು, ಮೇಲೆ ಶಿಖರ. ಇದು ದೊಡ್ಡ ಗುಡಿಯ ಕತ್ತರಿಸಿದ ಮೂಲೆ ಅಲ್ಲ, ಕಟ್ಟಲು ಬಾಕಿ ಇರುವ ಗುಡಿಯ ಬಾಗಿಲೂ ಅಲ್ಲ. ಇಷ್ಟರಲ್ಲೇ ದೇವರು ಕೂತಿದ್ದಾನೆ, ಪೂಜೆ ನಡೆಯುತ್ತದೆ.

ಅಲ್ಲಿಂದ ಪಟ್ಟದಕಲ್ಲಿಗೆ ಹೋದರೆ ಅದೇ ಎರಡು ಪದ್ಧತಿ ಮತ್ತೆ ಅಕ್ಕಪಕ್ಕ ನಿಂತಿವೆ, ಈಗ ದೊಡ್ಡದಾಗಿ. ಸುಮಾರು 740ರಲ್ಲಿ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ನಂದಿಮಂಟಪ, ವಿಶಾಲ ಸಭಾಮಂಟಪ, ಪ್ರಾಕಾರ, ಹೆಬ್ಬಾಗಿಲು ಎಲ್ಲ ಬಂದವು. ಅದನ್ನು ಕಟ್ಟಿದ ಅನಿವಾರಿತಾಚಾರಿ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಿಕ್ಕಿದ್ದು ಅಲ್ಲಿಯ ಶಾಸನದಲ್ಲೇ ಇದೆ. ಆ ಗುಡಿಯ ಪ್ರಭಾವ ಎಲ್ಲೋರಾದ ಕೈಲಾಸದವರೆಗೆ ಹೋಯಿತು. ಗುಂಡ ದೊಡ್ಡವನು, ಇಲ್ಲವೆನ್ನುವುದಿಲ್ಲ. ಆದರೆ ಅವನ ಕೈಗೆ ಆ ಅಳತೆ, ಆ ಧೈರ್ಯ ಎಲ್ಲಿಂದ ಬಂತು? ಐಹೊಳೆಯಲ್ಲಿ, ಬಾದಾಮಿಯ ಗುಡ್ಡದ ಮೇಲೆ, ಮಹಾಕೂಟದ ಹೊಂಡದ ದಂಡೆಯಲ್ಲಿ ಅವನ ಹಿಂದಿನವರು ಕಟ್ಟಿ ಮುಗಿಸಿದ ಸಣ್ಣ ಗುಡಿಗಳಿಂದ. ಬಾದಾಮಿಯ ಮಾಲೆಗಿತ್ತಿ ಶಿವಾಲಯ ಕಟ್ಟಿದ ಆರ್ಯಮಿಂಚಿ ಉಪಾಧ್ಯಾಯನ ಹೆಸರು ಅಲ್ಲಿಯ ಕಲ್ಲಿನ ಮೇಲಿದೆ. ಐಹೊಳೆಯಲ್ಲಿ ನರಸೊಬ್ಬನ ಹೆಸರಿದೆ, ಅವನಂಥ ಕುಶಲಿ ಹಿಂದೆ ಹುಟ್ಟಿಲ್ಲ ಮುಂದೆ ಹುಟ್ಟುವುದಿಲ್ಲ ಎಂಬ ಹೊಗಳಿಕೆಯ ಜೊತೆಗೆ. ಸಣ್ಣ ಗುಡಿ ಕಟ್ಟಿದವರಿಗೂ ಹೆಸರು ಕೊರೆಸಿಕೊಳ್ಳುವಷ್ಟು ಹೆಮ್ಮೆ ಇತ್ತು. ಅಭ್ಯಾಸಕ್ಕೆ ಮಾಡಿದ್ದು ಅಂತ ಅವರು ಅಂದುಕೊಂಡಿರಲಿಲ್ಲ.

ನಿನಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಮಹಾಕೂಟದಲ್ಲಿ ಒಂದು ಕಲ್ಲಿನ ಕಂಬ ಇತ್ತು, ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 602ರಲ್ಲಿ ಮಂಗಳೇಶ ನಿಲ್ಲಿಸಿದ್ದು. ಜಯಸಿಂಹ, ರಣರಾಗ, ಒಂದನೇ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ, ಇಡೀ ವಂಶ ಆ ಒಂದೇ ಕಂಬದ ಮೈಮೇಲಿದೆ. ಒಂದನೇ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರಿದೆ, ಮಕುಟೇಶ್ವರನಾಥನಿಗೆ ಹತ್ತು ಹಳ್ಳಿ ಬಿಟ್ಟುಕೊಟ್ಟ ದಾನ ಇದೆ. ನೀನು ಹತ್ತು ಸಂಪುಟ ಇಟ್ಟುಕೊಂಡ ಕಥೆ ಅದು. ಒಂದು ಕಂಬ ಅದನ್ನು ಹೇಳಿ ಮುಗಿಸಿದೆ.

ಇಷ್ಟು ಖಚಿತವಾಗಿ ಹೇಳುತ್ತಿರುವುದು ಯಾಕೆ ಗೊತ್ತೇ? ನಿನ್ನ ತಪ್ಪನ್ನು ನಾನು ಮೊದಲೇ ಮಾಡಿದ್ದೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ ಇದನ್ನು. ನನಗೆ 24 ಆಗಿದ್ದಾಗ ಎರಡನೇ ಪುಲಕೇಶಿಯ ಚಿತ್ರಕಥೆ ಬರೆಯಬೇಕೆಂದು ಹಟ ಹುಟ್ಟಿತು. ಅವನು ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದದ್ದು, ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಅದನ್ನು ಹಾಡಿದ್ದು, ಅದನ್ನು ಓದಿದ ಹುಡುಗನ ಮೈ ಜುಮ್ಮೆನ್ನದೆ ಇರುತ್ತದೆಯೆ? ಡ್ರಾಯಿಂಗ್ ಶೀಟು ಕೊಂಡೆ, ಇಂಡಿಯನ್ ಇಂಕ್ ಕೊಂಡೆ. ಎಲ್ಲವನ್ನೂ ಬುಡದಿಂದ ಹೇಳಬೇಕು ಅಂತ ಜಯಸಿಂಹನಿಂದ ಸುರು ಮಾಡಿದೆ. ನಲವತ್ತು ಪುಟ ಆಯಿತು. ಕೀರ್ತಿವರ್ಮ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ನರ್ಮದೆ ನೂರಾರು ಪುಟ ದೂರ. ಮಳೆಗಾಲ ಬಂತು, ನೌಕರಿ ಬಂತು, ನಿಮ್ಮ ಆಯಿಯ ಜೊತೆ ಮದುವೆ ಆಯಿತು. ನಾಳೆ ಬರೆದರಾಯಿತು ಅಂತ ಪೆಟ್ಟಿಗೆಯಲ್ಲಿ ಇಟ್ಟೆ. ಆ ನಲವತ್ತು ಪುಟ ಯಾರೂ ಓದಲಿಲ್ಲ, ತಂಗೀ. ಓದಲು ಕೊಡುವ ಹಾಗೆ ಇರಲೂ ಇಲ್ಲ. ಒಂದು ಕಥೆಯೂ ಅದರಲ್ಲಿ ಮುಗಿದಿರಲಿಲ್ಲ. ಬರೀ ಬರಲಿರುವುದರ ಸಿದ್ಧತೆ. ನನಗೆ ಇಂದಿಗೂ ಸಂಕಟವಾಗುವುದು ನರ್ಮದೆ ಬರೆಯಲಿಲ್ಲ ಅಂತಲ್ಲ. ಮಹಾಕೂಟದಲ್ಲಿ ದುರ್ಲಭದೇವಿ ಕಳೆದ ಒಂದು ಬೆಳಗು, ಅಷ್ಟನ್ನೇ ಹದಿನಾರು ಪುಟದಲ್ಲಿ ಬರೆದಿದ್ದರೆ ಅದು ಇವತ್ತು ನಿನ್ನ ಕೈಯಲ್ಲಿ ಇರುತ್ತಿತ್ತು.

ನೀನು ಕೇಳಬಹುದು: ಸಣ್ಣದರಿಂದ ಸುರು ಮಾಡಿದರೆ ದೊಡ್ಡದು ತಾನಾಗಿ ಬೆಳೆಯುತ್ತದೆಯೆ? ಬೆಳೆಯುವುದಿಲ್ಲ. ಪಟ್ಟದಕಲ್ಲಿನ ಪಾಪನಾಥ ಗುಡಿಗೆ ಹೋಗಿ ನೋಡು. ಉದ್ದಕ್ಕೆ ಎರಡು ಮಂಟಪ, ಹಿಂದಿನ ಶಿಖರ ಮಾತ್ರ ಆ ಮೈಗೆ ಸಣ್ಣದು. ಕಟ್ಟುತ್ತ ಕಟ್ಟುತ್ತ ಯೋಜನೆ ಬದಲಾದದ್ದು ಕಣ್ಣಿಗೇ ಕಾಣುತ್ತದೆ. ಒಳ್ಳೆ ಕಥೆಯನ್ನು ಎಳೆದು ಎಳೆದು ಉದ್ದ ಮಾಡಿದ ಧಾರಾವಾಹಿಗಳನ್ನು ನೀನೇ ಬೈಯುತ್ತೀಯಲ್ಲ, ಹಾಗೆ. ಆದರೂ ನನಗೆ ಆ ಗುಡಿ ಅಂದರೆ ಬಲು ಪ್ರೀತಿ. ಅದರ ಗೋಡೆಯ ಮೇಲೆ ರಾಮಾಯಣ ಚಿತ್ರಚಿತ್ರವಾಗಿ ಸಾಗುತ್ತದೆ, ಯಾರು ಯಾರು ಅಂತ ಹೆಸರನ್ನೂ ಕೊರೆದಿದ್ದಾರೆ. ನಿನ್ನ ಪ್ಯಾನೆಲ್ಲುಗಳು, ನಿನ್ನ ಅಕ್ಷರದ ಬಲೂನುಗಳು, ಅವೆಲ್ಲ ಅಲ್ಲಿ 1200 ವರ್ಷಕ್ಕೂ ಹಿಂದೆಯೇ ಇವೆ. ಇನ್ನು ಪಟ್ಟದಕಲ್ಲಿನ ಸಂಗಮೇಶ್ವರ, ವಿಜಯಾದಿತ್ಯ ಕಟ್ಟಿಸಿದ್ದು. ಚಕ್ರವರ್ತಿಯ ಗುಡಿ, ಆದರೂ ಮಂಟಪ ಅಪೂರ್ಣ. ಗರ್ಭಗುಡಿ, ಶಿಖರ ಮಾತ್ರ ಮುಗಿದಿವೆ. ಅದಕ್ಕೇ ಅದು ಇಂದಿಗೂ ಗುಡಿ. ಮಂಟಪ ಮುಗಿದು ಗರ್ಭಗುಡಿ ಉಳಿದಿದ್ದರೆ ಏನೆಂದು ಕರೆಯುತ್ತಿದ್ದೆವು?

ಆದ್ದರಿಂದ ಗರ್ಭಗುಡಿ ಮೊದಲು. ನಿನ್ನ 60 ಸಂಪುಟದ ಗರ್ಭಗುಡಿ ಯಾವುದು? ಅವತ್ತು ನೀನು ತೋರಿಸಿದ ನೂರು ಚಿತ್ರಗಳಲ್ಲಿ ನನ್ನ ಕಣ್ಣು ಒಂದರ ಮೇಲೆ ನಿಂತಿತು. ಕುದುರೆ ಅಲ್ಲ, ಕತ್ತಿ ಅಲ್ಲ. ಹೊಂಡದ ಮೆಟ್ಟಿಲ ಮೇಲೆ ಒಬ್ಬಳೇ ನಿಂತ ಹುಡುಗಿ, ಲಂಗ ಎತ್ತಿ ಹಿಡಿದಿದ್ದಾಳೆ, ನೀರಿಗೆ ಹೆದರುತ್ತಾಳೆ. ಅವಳು ಯಾರು ಅಂತ ಕೇಳಿದ್ದಕ್ಕೆ "ಅಕಿ ಹದಿನೇಳನೇ ಸಂಪುಟದಾಗ ಬರ್ತಾಳ, ಮುತ್ಯಾ" ಅಂದಿ. ಅವಳನ್ನು ಹದಿನೇಳು ಸಂಪುಟ ಕಾಯಿಸಬೇಡ. ಅವಳೇ ನಿನ್ನ ಕಥೆ.

ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ, ಆ ಹುಡುಗಿ, ಆ ನೀರು. ಇಷ್ಟನ್ನೇ ಬರೆ. ಗುಡ್ಡದಿಂದ ಬರುವ ಆ ಸೆಲೆಯ ನೀರು ಬೇಸಿಗೆಯಲ್ಲೂ ಬತ್ತದೆ ತುಂಬಿರುವುದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಅದರ ಹಸಿರು ಬಣ್ಣ, ತಳದ ಕಲ್ಲು ಕಾಣುವ ಬಗೆ, ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಮೊಳಕಾಲಿನವರೆಗೆ ಏರುವ ತಂಪು ನಿನಗೆ ಗೊತ್ತು. ಚಾಲುಕ್ಯರ ಅರಮನೆಯ ಒಳಗು ನಿನಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವುದನ್ನು ಬರೆಯುವಾಗ ಕೈ ಸುಳ್ಳು ಹೇಳುವುದಿಲ್ಲ. ಅವಳು ಧುಮುಕುತ್ತಾಳೋ ಇಲ್ಲವೋ ಕೊನೆಯ ಪುಟದಲ್ಲಿ ಗೊತ್ತಾಗಬೇಕು. 'ಮುಂದುವರಿಯುವುದು' ಅಂತ ಬರೆಯಕೂಡದು.

ಒಂದು ಮಾತು ಸೇರಿಸುತ್ತೇನೆ, ಇಲ್ಲದಿದ್ದರೆ ನನ್ನನ್ನು ತಪ್ಪಾಗಿ ತಿಳಿಯುತ್ತೀ. ಮುಗಿಸು ಅಂದರೆ ಎಲ್ಲ ಬಾಗಿಲು ಹಾಕು ಅಂತಲ್ಲ. ನಿಮ್ಮ ಆಯಿಯ ಇಳಕಲ್ ಸೀರೆ ತೆಗೆದು ಸೆರಗು ಕೂಡುವ ಕಡೆ ಬೆರಳಾಡಿಸು. ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ಎಳೆಗೆ ಎಳೆ. ನಿನ್ನ ಸಣ್ಣ ಕಥೆಯಲ್ಲೂ ಒಂದೆರಡು ಕೊಂಡಿ ಇರಲಿ. ಆ ಹುಡುಗಿಯ ಕೊರಳಲ್ಲಿ ಏನೋ ಇದೆ, ಅದು ಯಾರದು ಅಂತ ನೀನು ಹೇಳಬೇಡ. ಹೊಂಡದ ಮಂಟಪದೊಳಗಿನ ಚತುರ್ಮುಖ ಲಿಂಗದ ಒಂದು ಮುಖವನ್ನೇ ಅವಳು ಯಾಕೆ ನೋಡುತ್ತಾಳೆ, ಅದನ್ನೂ ಹೇಳಬೇಡ. ಸೀರೆ ಉಡುವಷ್ಟು ಉದ್ದ ಇರಬೇಕು. ಕೊಂಡಿ ಮುಂದಿನ ನೇಯ್ಗೆಗೆ.

ಎಷ್ಟು ಪುಟ? 32 ಅನ್ನುತ್ತೇನೆ. ಅದಕ್ಕೂ ಕಾರಣ ಇದೆ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರ 'ಅಮರ ಚಿತ್ರ ಕಥೆ' ಓದಿ ನಿನ್ನ ಅಪ್ಪ ಬೆಳೆದ. ಆ ಪುಸ್ತಕಗಳ ಅಳತೆ 32 ಪುಟ. ಹೆಚ್ಚಾಗಿ ಒಂದೊಂದು ಪುಸ್ತಕ ಒಂದೊಂದು ಕಥೆ, ಅದರಲ್ಲೇ ಮುಗಿಯುತ್ತದೆ. ಅವು ನೂರಾರು ಆದವು, ಆದರೆ ಅವುಗಳಲ್ಲಿ ಹೆಚ್ಚಿನವನ್ನು ಓದಲು ಹಿಂದಿನದನ್ನು ಹುಡುಕಬೇಕಾಗುವುದಿಲ್ಲ. ಆ ಮಾಲೆಗೂ ಒಂದು ಸಣ್ಣ ಮೊದಲು ಇತ್ತು, ಅದೂ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನಿಂದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಲ್ಲಿ ಸಿಂಡರೆಲ್ಲಾದಂಥ ಪರದೇಶದ ಕಥೆಗಳು ಕನ್ನಡ ಚಿತ್ರಪುಸ್ತಕಗಳಾಗಿ ಬಂದವು. ಮಾಲೆಯ ಮೊದಲ ಹತ್ತು ಸಂಖ್ಯೆ ಅಂಥ ಕಥೆಗಳದ್ದೇ. 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ. ಇವತ್ತು ಎಲ್ಲರಿಗೂ ನೆನಪಿರುವುದು ಹನ್ನೊಂದರಿಂದ ಮುಂದಿನದು. ಇರಲಿ. ಆ ಹತ್ತು ಬಂದಿರದಿದ್ದರೆ ಹನ್ನೊಂದನೆಯದಕ್ಕೆ ದಾರಿ ಎಲ್ಲಿತ್ತು?

ಬರೆದ ಮೇಲೆ ಓದಿಸು. ಗೆಳತಿಯರಿಗೆ ಕಳಿಸಿ "ಹೆಂಗೈತಿ" ಅಂತ ಕೇಳಬೇಡ, ಅವರು ಚಲೋ ಐತಿ ಅಂತಲೇ ಹೇಳುತ್ತಾರೆ. ಕಾಗದದ ಮೇಲೆ ಅಚ್ಚು ಹಾಕಿಸಿ ಯಾರದಾದರೂ ಕೈಗೆ ಕೊಡು, ಎದುರಿಗೆ ಸುಮ್ಮನೆ ಕೂತು ಅವರ ಬೆರಳು ನೋಡು. ಎಲ್ಲಿ ಬೇಗ ಮಗುಚುತ್ತಾರೆ, ಎಲ್ಲಿ ಹಿಂದಕ್ಕೆ ಮಗುಚಿ ಮತ್ತೆ ನೋಡುತ್ತಾರೆ, ಎಲ್ಲಿ ಕೈ ನಿಂತು ಮೊಬೈಲಿಗೆ ಹೋಗುತ್ತದೆ. 'ಜಂಪ್' ಪತ್ರಿಕೆಯಲ್ಲಿ ಓದುಗರು ಕಾರ್ಡು ತುಂಬಿ ಕಳಿಸುತ್ತಾರೆ, ಅದನ್ನು ನೋಡಿ ಯಾವ ಕಥೆ ಉಳಿಯಬೇಕು ಅಂತ ಅವರು ನಿರ್ಧರಿಸುತ್ತಾರೆ ಅಂದಿದ್ದೆಯಲ್ಲ. ನಿನಗೆ ಅಷ್ಟು ಓದುಗರಿಲ್ಲ. ನಾಲ್ಕು ಬೆರಳು ಸಾಕು. ಬೆರಳು ನಿಂತ ಪುಟವನ್ನು ಮತ್ತೆ ಬರೆ. ಆ ಪುಟದ ಮೇಲೆ ನಿನಗೆ ಎಷ್ಟೇ ಪ್ರೀತಿ ಇರಲಿ, ಬರೆ.

ಬರೆದದ್ದು ನಿನ್ನ ಮನಸ್ಸಿನಲ್ಲಿದ್ದಷ್ಟು ಚೆನ್ನಾಗಿ ಬರುವುದಿಲ್ಲ, ಅದಕ್ಕೂ ತಯಾರಿರು. ಮೊದಲ ಸಲ ಕೈ ನಡುಗುತ್ತದೆ, ಮುಖಗಳು ಪುಟದಿಂದ ಪುಟಕ್ಕೆ ಬೇರೆ ಬೇರೆ ಆಗುತ್ತವೆ, ನೀರು ನೀರಿನ ಹಾಗೆ ಕಾಣುವುದಿಲ್ಲ. ಹರಿಯಬೇಡ. ಓಡಾ ಅವರ ಹಾಗೆ ಎರಡನೇ ಸಲ ಬರೆ. ಮೂವತ್ತು ವರ್ಷ ಕಾಪಿ ತಿದ್ದಿದವನು ಹೇಳುತ್ತೇನೆ, ಅಂಕುಡೊಂಕಾಗಿ ಮುಗಿದ ಚಿತ್ರವನ್ನು ತಿದ್ದಬಹುದು. ಬರೆಯದ ಚಿತ್ರದ ಮೇಲೆ ಕೆಂಪು ಪೆನ್ಸಿಲ್ಲು ಎಲ್ಲಿ ಇಡಲಿ?

ನಿನ್ನ ಪರೀಕ್ಷೆ ಡಿಸೆಂಬರಿಗೆ ಮುಗಿಯುತ್ತದೆ ಅಂದಿದ್ದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಎಲ್ಲರೂ ಬರುತ್ತೀರಿ. ತೇರು ಎಳೆದ ಮಾರನೇ ದಿನ ಜಾತ್ರೆಯ ಗದ್ದಲ ಬಿಟ್ಟು ನಾವಿಬ್ಬರೇ ಮಹಾಕೂಟಕ್ಕೆ ಹೋಗೋಣ. 32 ಪುಟ ಹೊಲಿದು ತಾ. ಟ್ಯಾಬ್ ಬೇಡ, ನನ್ನ ಕಣ್ಣಿಗೆ ಅದರ ಬೆಳಕು ತಡೆಯುವುದಿಲ್ಲ. ಅದೇ ಮೆಟ್ಟಿಲ ಮೇಲೆ ಕೂತು ಓದುತ್ತೇನೆ, ನೀನು ನನ್ನ ಬೆರಳು ನೋಡುತ್ತಿರು. ನನ್ನ ಪೆಟ್ಟಿಗೆಯ ನಲವತ್ತು ಪುಟವನ್ನೂ ತರುತ್ತೇನೆ. ಅದರಲ್ಲಿ ದುರ್ಲಭದೇವಿ ಒಂದೇ ಒಂದು ಪ್ಯಾನೆಲ್ಲಿನಲ್ಲಿ ಬರುತ್ತಾಳೆ, ಹೊಂಡದ ಕಡೆ ಮುಖ ಮಾಡಿ ನಿಂತಿದ್ದಾಳೆ. ನಿನ್ನ ಹುಡುಗಿಯ ನಿಲುವಿಗೂ ಅವಳ ನಿಲುವಿಗೂ ಎಷ್ಟು ಹೋಲಿಕೆ ಇದೆ, ನೀನೇ ನೋಡು.

ನಿನ್ನ ಮುತ್ಯಾ